ಪ್ರಾಂಪ್ಟರ್ ಇಲ್ಲದ ನಾಟಕ

ಕೋಲ್ಕತ್ತದ ಕನ್ನಡ ಸಂಘದ ನಾಟಕವನ್ನು ಪ್ರೇಕ್ಷಕರು ಪ್ರತಿವರ್ಷ ಎರಡೆರಡು ಸಲ ಕೇಳುತ್ತಿದ್ದರು. ಮೊದಲು ಪರದೆಯ ಮರೆಯಿಂದ ಸುಬ್ರಹ್ಮಣ್ಯರ ಕಂಠದಲ್ಲಿ, ಆಮೇಲೆ ನಟರ ಬಾಯಲ್ಲಿ. ಮಾತು ಬಾಯಿಪಾಠ ಮಾಡುವ ಗೋಜಿಗೆ ನಟರು ಹೋಗುತ್ತಲೇ ಇರಲಿಲ್ಲ. ಪ್ರಾಂಪ್ಟ್ ಮಾಡಲು ಸುಬ್ರಹ್ಮಣ್ಯ ಇದ್ದಾರಲ್ಲ! ಸಿಯಾಲ್ದಾದ ರೈಲ್ವೆ ಕಚೇರಿಯಲ್ಲಿ ತಾವಾಯಿತು ತಮ್ಮ ಕೆಲಸವಾಯಿತು ಎಂದಿರುವ ಮನುಷ್ಯ, ಪುಸ್ತಕ ಹಿಡಿದು ರಂಗದ ಪಕ್ಕದ ವಿಂಗಿನಲ್ಲಿ ನಿಂತರೆ ಹುಲಿ.

ಈ ಸಲ ಹುಲಿಯ ಬಾಯಿಗೆ ಬೀಗ ಹಾಕಿದವಳು ಸ್ವಂತ ಮಗಳು. ನಮ್ರತಾ ವಿಶ್ವವಿದ್ಯಾಲಯದಲ್ಲಿ ಕಲೆ ಮತ್ತು ಮಾಧ್ಯಮ ನಿರ್ವಹಣೆ ಓದುತ್ತಿದ್ದಳು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಪ್ರದರ್ಶನವನ್ನು ತಾನೇ ನಿಂತು ನಡೆಸಬೇಕು. ಪರೀಕ್ಷಕಿ ಬಂದು ನೋಡುತ್ತಾರೆ. ಎಡವಿದರೆ ಡಿಗ್ರಿ ಮುಂದಿನ ವರ್ಷಕ್ಕೆ. ಅವಳು ಸಂಘದ ನಾಟಕವನ್ನೇ ಆರಿಸಿಕೊಂಡಳು.

"ಅಪ್ಪಾ, ಈ ಸಲ ಪ್ರಾಂಪ್ಟಿಂಗ್ ಬ್ಯಾಡ. ಪ್ರೊಫೆಷನಲ್ ಅನ್ಸೋದಿಲ್ಲ," ಎಂದಳು, ಡಮ್ ಡಮ್‌ನ ಮನೆಯಲ್ಲಿ ಊಟಕ್ಕೆ ಕೂತಾಗ.

"ಆತು ಬಿಡವಾ. ನಾ ಮುಂದ ಕುಂತು ನೋಡತೇನಿ," ಎಂದ ಸುಬ್ರಹ್ಮಣ್ಯ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಅಪ್ಪನಿಗೆ ನೋವಾಯಿತೆಂದು ನಮ್ರತಾಗೆ ತಿಳಿಯಿತು. ತಿಳಿದೂ ಹಟ ಬಿಡಲಿಲ್ಲ.

ನಟರ ಬೆನ್ನುಬಿದ್ದು ಮಾತುಗಳನ್ನು ಬಾಯಿಪಾಠ ಮಾಡಿಸಿದಳು. ನಾಟಕದ ದಿನ ಮೊದಲ ಅಂಕ ಹೂ ಎತ್ತಿದಷ್ಟು ಹಗುರವಾಗಿ ಮುಗಿಯಿತು. ಸಭಾಂಗಣದ ಹಿಂಭಾಗದಲ್ಲಿ ಲೈಟುಗಳ ಬಳಿ ನಿಂತಿದ್ದ ನಮ್ರತಾ ಪಕ್ಕದಲ್ಲಿದ್ದ ಪರೀಕ್ಷಕಿಗೆ, ಇವರು ಪ್ರಾಂಪ್ಟರ್ ಇಲ್ಲದೆ ಆಡುತ್ತಿರುವುದು ಇದೇ ಮೊದಲು ಎಂದು ಹೆಮ್ಮೆಯಿಂದ ಹೇಳಿಕೊಂಡಳು. ಎರಡನೇ ಅಂಕದಲ್ಲಿ ಮದುಮಗನ ಪಾತ್ರದಲ್ಲಿದ್ದ ಜೀವನ್, ಬೆಂಗಳೂರಿನ ಐಟಿ ಹುಡುಗ, ಮಾವನೆದುರು ಬಾಯಿ ತೆರೆದ. ತೆರೆದೇ ಇಟ್ಟುಕೊಂಡ. ಅಭ್ಯಾಸಬಲದಿಂದ ವಿಂಗಿನತ್ತ ನೋಡಿದ. ಅಲ್ಲಿ ನರಪಿಳ್ಳೆಯೂ ಇರಲಿಲ್ಲ.

ಸಭಾಂಗಣದಲ್ಲಿ ಯಾರೋ ಕೆಮ್ಮಿದರು. ನಮ್ರತಾ ಎದ್ದುಬಿದ್ದು ಮೂರನೇ ಸಾಲಿಗೆ ಓಡಿ ಅಪ್ಪನ ಭುಜ ಹಿಡಿದಳು.

"ಅಪ್ಪಾ, ಹೇಳು! ಜೋರಾಗಿ ಹೇಳು!"

ಸುಬ್ರಹ್ಮಣ್ಯರ ಮುಖ ಸಣ್ಣದಾಯಿತು. "ಪುಸ್ತಕ ಇಲ್ದ ನನಗೆಲ್ಲಿ ಬರತದವಾ? ನಾ ಓದತಿದ್ದೆ, ಅಷ್ಟ."

ನಾಟಕವೆಲ್ಲ ಅವರ ನಾಲಿಗೆಯ ತುದಿಯಲ್ಲಿದೆ ಎಂದು ಸಂಘದವರು ನಂಬಿದ್ದರು. ಮಗಳೂ ನಂಬಿದ್ದಳು. ಅವಳು ಫೋನಿನಲ್ಲಿದ್ದ ನಾಟಕವನ್ನು ಅವರ ಮುಂದೆ ಹಿಡಿದಳು. ಅದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ; ಇಲ್ಲೇ ಶಾಲೆ ಕಲಿತ ಅವಳಿಗೆ ಕನ್ನಡ ಅಕ್ಷರ ಬಾರದು. ಸುಬ್ರಹ್ಮಣ್ಯ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿದರು. ಮೊದಲ ಪದವೇ ಮುಗಿಯಲಿಲ್ಲ.

"ಇದು ನನ್ನ ಕೈಲಿ ಆಗೂದಿಲ್ಲ. ನಿನಗ ಬರತದಲ್ಲ, ನೀನ ಒದರು."

ಜೀವನ್ ಬೆವರುತ್ತಿದ್ದ. ಹಿಂದೆ ಪರೀಕ್ಷಕಿಯ ಪೆನ್ನು ಓಡುತ್ತಿತ್ತು. ನಮ್ರತಾ ಫೋನನ್ನು ತನ್ನತ್ತ ತಿರುಗಿಸಿಕೊಂಡಳು.

"ಮಾವನವರೇ, ನಿಮ್ಮ ಮಗಳಿಗಿಂತ ನಿಮ್ಮನ್ನು ಒಪ್ಪಿಸೋದೇ ಕಷ್ಟ!" ಎಂದು ಕೂಗಿದಳು.

ಜೀವನ್ ಆ ಮಾತನ್ನು ಗಬಕ್ಕನೆ ಹಿಡಿದು ಮಾವನ ಮೇಲೆ ಎಸೆದ. ಜನ ಬಿದ್ದು ಬಿದ್ದು ನಕ್ಕರು. ಅವನು ಆಸೆಗಣ್ಣಿನಿಂದ ಮತ್ತೆ ಇವಳತ್ತಲೇ ನೋಡಿದ. ನಮ್ರತಾ ಅಪ್ಪನ ಕಾಲ ಬಳಿ ನೆಲಕ್ಕೇ ಕೂತು ಮುಂದಿನ ಮಾತನ್ನು ಪಿಸುದನಿಯಲ್ಲಿ ಹೇಳಿಕೊಟ್ಟಳು.

"ಜೋರ ಹೇಳವಾ," ಎಂದರು ಸುಬ್ರಹ್ಮಣ್ಯ, ಅವಳ ತಲೆಯ ಮೇಲೆ ಕೈಯಿಟ್ಟು. "ಹಿಂದ ಮುದುಕರು ಕುಂತಾರ. ಸ್ಟೇಜಿಂದು ಅವರಿಗೆ ಎಂದೂ ಕೇಳಂಗಿಲ್ಲ."

ನಮ್ರತಾ ಪರೀಕ್ಷಕಿಯತ್ತ ತಿರುಗಿ ನೋಡಲಿಲ್ಲ. ದನಿ ಏರಿಸಿದಳು.