ಗೀಸರ್ ರಿಪೇರಿಯವನು ಫೋನ್ ಎತ್ತಿ ಯಾಕೆ ಮಾತಾಡಲಿಲ್ಲ

೧

ಈ ಕಥೆಯನ್ನು ಯಾರಿಂದ ಶುರು ಮಾಡುವುದು ಎಂಬುದೇ ತಲೆನೋವಾಗಿದೆ. ಹಾಡಿನಿಂದ ಶುರು ಮಾಡಿದರೆ, ಯಾವ ಹಾಡು ಎಂದು ನೀವು ಕೇಳುತ್ತೀರಿ. ಹಾಡನ್ನು ಹುಟ್ಟಿಸಿದವನು ನಾನೇ, ಇನ್ನೂ ಹೆಸರಿಟ್ಟಿಲ್ಲ. ಕಥೆಯೊಳಗಿನ ಹೆಂಡತಿಯಿಂದ ಶುರು ಮಾಡೋಣವೆಂದರೆ ಅವಳು ನನ್ನ ಮೇಲೆ ಕೆಂಡವಾಗಿದ್ದಾಳೆ. ಅವಳ ಗಂಡನನ್ನು ಕರೆದೆ. ಅವನು ತಿರುಗಿಯೂ ನೋಡಲಿಲ್ಲ.

(ಸುಳಿವನ್ನು ಇಷ್ಟು ಬೇಗ ಬಿಟ್ಟುಕೊಡಬಾರದಿತ್ತು. ಇರಲಿ ಬಿಡಿ.)

ಮೊದಲ ಪ್ರಯತ್ನ: ‘ಡಿಸೆಂಬರಿನ ಆ ಚಳಿ ಸಂಜೆ ಗಿಟಾರಿನ ತಂತಿಗಳು ಕಣ್ಣೀರಿಡುತ್ತಿದ್ದವು...’ ಹೊಡೆದುಹಾಕಿದೆ. ತಂತಿ ಕಣ್ಣೀರಿಡುವುದಿಲ್ಲ, ತುಕ್ಕು ಹಿಡಿಯುತ್ತದೆ.

೨

ಅವಳು ಡ್ರೈವಿಂಗ್ ಟೀಚರ್. ಹಗಲೆಲ್ಲ ಕಲಿಸುವವರ ಸೀಟಿನಲ್ಲಿ ಕೂತು, ಆ ಕಡೆಗೂ ಕೊಟ್ಟಿರುವ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ತನ್ನ ಪ್ರಾಣವನ್ನು ಕಂಡವರ ಮಕ್ಕಳ ಕೈಗೆ ಕೊಟ್ಟಿರುತ್ತಾಳೆ. ಬೈಯುವಂತಿಲ್ಲ, ಫೀಸು ಕೊಟ್ಟು ಬಂದವರು. ನುಂಗಿಕೊಂಡ ಬೈಗುಳವನ್ನೆಲ್ಲ ಭಾನುವಾರ ಡ್ರಮ್ಸ್ ಮೇಲೆ ತೀರಿಸಿಕೊಳ್ಳುತ್ತಾಳೆ.

ಗಂಡನದು ಕನ್ನಡಕದಂಗಡಿ. ಬಾಸ್ ಗಿಟಾರ್ ನುಡಿಸುತ್ತಾನೆ. ಮೈದುನ ಶಾಲೆಯಲ್ಲಿ ಭೂಗೋಳ ಕಲಿಸುತ್ತಾನೆ, ಆದ್ದರಿಂದ ಅವನ ಹೆಸರೂ ಭೂಗೋಳ. ಹಾಡುವುದು, ಜೊತೆಗೆ ಲೀಡ್ ಗಿಟಾರ್, ಎರಡೂ ಅವನದೇ. ಮೂವರೂ ಸೇರಿದರೆ ಒಂದು ಬ್ಯಾಂಡ್. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ, ಫ್ರೇಮುಗಳ ಡಬ್ಬ, ಗಾಜು ಉಜ್ಜುವ ಮಷೀನು, ಒಡೆದ ಕನ್ನಡಿ ಇವುಗಳ ನಡುವೆ ಪ್ರಾಕ್ಟೀಸು. ಪ್ರತಿ ಡಿಸೆಂಬರಿನಲ್ಲೂ ಶಾಪಿಂಗ್ ಮಾಲಿನಲ್ಲಿ ಒಂದು ಕಾರ್ಯಕ್ರಮ. ಜನ ಕಾಯುವುದು ಒಂದೇ ಹಾಡಿಗೆ.

೩

ಹಾಡು ಹಳೆಯ ರಾಕ್ ಹಾಡು. ಬರೆದು ಹಾಡಿದ ಉದ್ದಕೂದಲಿನ ಹುಡುಗರ ತಲೆ ಈಗ ಬೋಳಾಗಿದೆ. ಕ್ರಿಸ್‌ಮಸ್ಸಿನ ಹಿಂದಿನ ದಿನ ಒಬ್ಬ ರಸ್ತೆಬದಿಯ ಟೆಲಿಫೋನ್ ಬೂತಿನೊಳಗೆ ನಿಂತು ಯಾರಿಗೋ ಫೋನ್ ಮಾಡುತ್ತಾನೆ. ಆ ಕಡೆ ಎತ್ತುತ್ತಾರೆ, ಆದರೆ ಮಾತಾಡುವುದಿಲ್ಲ. ಇಲ್ಲಿ ಎಲ್ಲ ತಣ್ಣಗಾಗಿಹೋಗಿದೆ, ಬರುತ್ತೀಯಾ, ಈವತ್ತೇ ಬರುತ್ತೀಯಾ ಎಂದು ಇವನು ಗೋಗರೆಯುತ್ತಾನೆ. ಕೊನೆಯ ಪಲ್ಲವಿಗೆ ಮುಂಚೆ ವಾದ್ಯಗಳೆಲ್ಲ ಗಪ್ಪೆಂದು ನಿಲ್ಲುತ್ತವೆ. ಒಂದು ಉದ್ದನೆಯ ಮೌನ. ಆಮೇಲೆ ಎಲ್ಲರೂ ಧಬಾರನೆ ಒಟ್ಟಿಗೆ ನುಡಿಸತೊಡಗುತ್ತಾರೆ.

ಆ ಮೌನಕ್ಕೆ ಅರ್ಥವೇನು? ಅಭಿಮಾನಿಗಳಲ್ಲಿ ಪಂಗಡಗಳಾಗಿವೆ. ಆ ಕಡೆ ಇರುವುದು ಸತ್ತ ಹೆಂಡತಿ ಎನ್ನುವವರು ಕೆಲವರು. ದೇವರು ಎನ್ನುವವರು ಕೆಲವರು. ರಾಂಗ್ ನಂಬರ್ ಎನ್ನುವ ನಾಸ್ತಿಕರೂ ಇದ್ದಾರೆ, ಅವರನ್ನು ಯಾರೂ ಮಾತಾಡಿಸುವುದಿಲ್ಲ. ಒಮ್ಮೆ ಇದೇ ವಿಚಾರಕ್ಕೆ ಅಭಿಮಾನಿಗಳ ಸಭೆಯಲ್ಲಿ ಕಾಲರ್ ಹಿಡಿದುಕೊಂಡರು. ಬಿಡಿಸಲು ಹೋದ ಭೂಗೋಳನ ಅಂಗಿಯೇ ಹರಿಯಿತು.

ಭೂಗೋಳನದು ತನ್ನದೇ ವಾದ: ‘ಆ ಕಡೆಯವರು ಮಾತಾಡದಿದ್ದರೇನಂತೆ, ಕೇಳುತ್ತಿದ್ದಾರೆ.’ ತನ್ನ ಹೆಂಡತಿ ಬಿಟ್ಟುಹೋದ ಮೇಲೆ ಅವನು ಎಷ್ಟೋ ಸಲ ಫೋನ್ ಮಾಡಿದ್ದ. ಅವಳು ಎತ್ತುತ್ತಿದ್ದಳು. ಅಷ್ಟೇ.

(ಇದನ್ನು ಅವನು ಯಾರಿಗೂ ಹೇಳಿಲ್ಲ. ಆದರೆ ಹಾಡುವಾಗ ಆ ಮೌನದ ಹತ್ತಿರ ಅವನ ಗಂಟಲಮಣಿ ಮೇಲೆ ಕೆಳಗೆ ಆಡುವುದು ಅತ್ತಿಗೆಗೆ ಡ್ರಮ್ಸಿನ ಹಿಂದಿನಿಂದಲೂ ಕಾಣುತ್ತದೆ.)

೪

ಈಗ ಗುಟ್ಟು. ಗಂಡನಿಗೆ ಕಿವಿ ಕೇಳುವುದಿಲ್ಲ.

ಪೂರ್ತಿ ಅಲ್ಲ. ಆದರೆ ವರ್ಷದಿಂದ ವರ್ಷಕ್ಕೆ, ನೀರು ಇಂಗಿದ ಹಾಗೆ ಶಬ್ದ ಇಂಗುತ್ತಿದೆ. ಗಾಜು ಉಜ್ಜುವ ಮಷೀನು ಕಿರ್ರನೆ ಕಿರುಚುವಾಗ ಹಿಂದೆಲ್ಲ ಹಲ್ಲು ಕಚ್ಚಿಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದವನು, ಒಂದು ದಿನ ಬಾಗಿಲು ತೆರೆದೇ ಇಟ್ಟು, ತಂಪಾದ ಮುಖದಲ್ಲಿ ಗಾಜು ಉಜ್ಜುತ್ತಿದ್ದ. ಹೆಂಡತಿ ಅದನ್ನು ಕಂಡಳು. ಅಂದಿನಿಂದ ಗಮನಿಸತೊಡಗಿದಳು. ಗಿರಾಕಿಗಳು ಗೋಡೆಯ ಅಕ್ಷರ ಓದುವಾಗ ಅವನು ಅವರ ತುಟಿಯನ್ನೇ ನೋಡುತ್ತಿದ್ದ. ತುಟಿ ಮುಚ್ಚುವಷ್ಟು ದಪ್ಪ ಮೀಸೆಯವನೊಬ್ಬ ಬಂದಾಗ ಮಾತ್ರ ಯಡವಟ್ಟಾಯಿತು. ಆ ಮನುಷ್ಯ ಹೊಸ ಕನ್ನಡಕ ಹಾಕಿಕೊಂಡು ಅಂಗಡಿಯ ಮೆಟ್ಟಿಲಲ್ಲೇ ಎಡವಿದ.

ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಭಾನುವಾರ ಮಾತ್ರ ಅವಳು ಡ್ರಮ್ಸಿನ ಪೆಡಲ್ ಒತ್ತುವಾಗ ಮಂಡಿಯನ್ನು ಬೇಕಿದ್ದಕ್ಕಿಂತ ಎತ್ತರಕ್ಕೆ ಎತ್ತತೊಡಗಿದಳು. ಆ ಮಂಡಿ ನೋಡಿಕೊಂಡು ಅವನು ನುಡಿಸುತ್ತಿದ್ದ. ಮೌನ ಬಂದಾಗ ತಲೆ ತಗ್ಗಿಸುವಳು, ಮುಗಿದಾಗ ಎತ್ತುವಳು. ಒಂದು ಸಲವೂ ತಾಳ ತಪ್ಪಿರಲಿಲ್ಲ.

೪ (ಮತ್ತೆ)

“ಏನ್ರೀ ಕಥೆಗಾರ್ರೇ, ಒಂದ್ನಿಮಿಷ.”

ಬಂದಳು. ಕಾರಿನ ಕೀಲಿಗೊಂಚಲು ಬೆರಳಲ್ಲಿ ತಿರುಗುತ್ತಿದೆ.

“ನನ್ ಗಂಡಂಗೆ ಕಿವಿ ಕೇಳಲ್ಲ ಅಂತ ಊರಿಗೆಲ್ಲಾ ಡಂಗುರ ಹೊಡೆದ್ರಲ್ಲ, ಯಾರು ಹೇಳಿದ್ರು ನಿಮಗೆ ಹೊಡೀರಿ ಅಂತ?”

ಊರಿಗೆಲ್ಲ ಅಲ್ಲ, ಓದುಗರಿಗೆ ಮಾತ್ರ ಎಂದೆ.

“ಓದುಗರು ಅಂದ್ರೆ ಬಾಯಿಲ್ದೋರಾ? ಇಷ್ಟು ದಿನ ಅವರ ತಮ್ಮಂಗೂ ಬಿಟ್ಕೊಟ್ಟಿಲ್ಲ ನಾನು. ಅಂಗಡಿಗೆ ಜನ ಬರಬೇಕೋ ಬೇಡ್ವೋ? ಆ ಪ್ಯಾರಾ ಅಳಿಸಿ.”

ಅಳಿಸಿದರೆ ಕಥೆಯೇ ಇಲ್ಲವಲ್ಲ ಎಂದೆ.

“ನಿಮ್ ಕಥೆ ಇಲ್ದಿದ್ರೆ ನಮಗೇನು ಊಟ ಸೇರಲ್ವಾ?”

ಸೇರುತ್ತದೆ ಎಂದು ಒಪ್ಪಿಕೊಂಡೆ. ಪ್ಯಾರಾ ಮಾತ್ರ ಉಳಿಸಿಕೊಂಡೆ. ಕಥೆ ಬರೆಯುವವರಿಗೆ ಮಾನ ಮರ್ಯಾದೆ ಸ್ವಲ್ಪ ಕಡಿಮೆಯೇ.

೫

ಕಾರ್ಯಕ್ರಮದ ಹಿಂದಿನ ಭಾನುವಾರ ಭೂಗೋಳ ಪ್ರಾಕ್ಟೀಸಿಗೆ ಬಂದಾಗ ಅವನ ಮುಖ ಸೋತು ಸುಣ್ಣವಾಗಿತ್ತು.

“ಗೀಸರ್ ಅಂತೆ ಅತ್ತಿಗೆ! ಗೀಸರ್!”

“ಯಾವ ಗೀಸರ್ರೋ? ಕೂತ್ಕೊಂಡು ಹೇಳು.”

ಹಾಡು ಬರೆದ ಮುದುಕ ಸಂದರ್ಶನ ಕೊಟ್ಟಿದ್ದ. ಇಷ್ಟು ವರ್ಷ ಬಾಯಿ ಬಿಡದೆ ಇದ್ದವನು ಈಗ ನಗುನಗುತ್ತಾ ಹೇಳಿಬಿಟ್ಟಿದ್ದ: ಆ ದಿನ ಬಾಡಿಗೆ ಮನೆಯ ಗೀಸರ್ ಕೆಟ್ಟಿತ್ತು. ರಿಪೇರಿಯವನಿಗೆ ಫೋನ್ ಮಾಡಿದೆ. ಎತ್ತಿದ, ಹಬ್ಬದ ದಿನ ಯಾರಪ್ಪಾ ಬರ್ತಾರೆ ಅಂತ ಸುಮ್ಮನಿದ್ದ. ನಾನು ಬೇಡಿಕೊಂಡೆ. ಅವನು ಬರಲಿಲ್ಲ. ತಣ್ಣೀರು ಸುರಿದುಕೊಂಡು ಬಂದು ಹಾಡು ಬರೆದೆ.

“ಎಲ್ಲ ತಣ್ಣಗಾಗಿಹೋಗಿದೆ ಅಂತ ಅಳ್ತಾನಲ್ಲ, ಅದು ಸ್ನಾನದ ನೀರಂತೆ!” ಭೂಗೋಳ ಗಿಟಾರನ್ನು ಕುರ್ಚಿಗೆ ಒರಗಿಸಿದ. “ನಾನು ಪ್ರತಿವರ್ಷ ಹಾಡೋಕ್ಮುಂಚೆ ಅರ್ಥ ವಿವರಿಸ್ತಿದ್ದೆ. ಜನ ಕಣ್ಣೊರೆಸ್ಕೊಳ್ತಿದ್ರು. ಗೀಸರಿಗೆ ಅಳಿಸ್ದೆ ಅತ್ತಿಗೆ ನಾನು ಜನಾನ.”

ಅವಳಿಗೆ ನಗು ಒತ್ತರಿಸಿ ಬಂತು. ಆದರೆ ಅವನ ಗಂಟಲಮಣಿ ಮೇಲೆ ಕೆಳಗೆ ಆಡಿತು. ನಗು ನುಂಗಿದಳು.

“ಆ ಮೌನ ತೆಗೆದುಬಿಡೋಣ,” ಎಂದ ಅವನು. “ರಿಪೇರಿಯವನಿಗೋಸ್ಕರ ಮೌನ ಆಚರಿಸ್ಬೇಕಾ? ನಿಲ್ಲಿಸದೆ ನುಡಿಸಿ ಮುಗಿಸೋಣ.”

ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಮೌನವೇ ಇಲ್ಲದಿದ್ದರೆ ಗಂಡ ತಪ್ಪುವ ಭಯವೂ ಇಲ್ಲ. ಗಂಡನ ಕಡೆ ಪೂರ್ತಿ ತಿರುಗಿ, ತುಟಿ ಬಿಡಿಸಿ ಬಿಡಿಸಿ ಹೇಳಿದಳು: “ರೀ, ಮಧ್ಯೆ ನಿಲ್ಲಿಸ್ತೀವಲ್ಲ, ಅದನ್ನ ತೆಗೀಬೇಕಂತೆ.”

ಗಂಡ ತಲೆ ಅಲ್ಲಾಡಿಸಿದ. “ಅದು ತೆಗೆದ್ರೆ ನಾನು ನುಡಿಸಲ್ಲ.”

“ಯಾಕಣ್ಣ?” ಎಂದ ಭೂಗೋಳ.

ಅಣ್ಣ ಬಾಸಿನ ತಂತಿ ಬಿಗಿ ಮಾಡುತ್ತಾ ತಲೆ ಬಗ್ಗಿಸಿದ್ದ. ಉತ್ತರ ಬರಲಿಲ್ಲ. ಅಣ್ಣ ಗಂಭೀರವಾಗಿ ಯೋಚಿಸುತ್ತಿದ್ದಾನೆ ಎಂದುಕೊಂಡ ತಮ್ಮ. ಮೌನ ಉಳಿಯಿತು.

೬

ಮಾಲಿನ ವೇದಿಕೆ ಎಸ್ಕಲೇಟರಿನ ಬುಡದಲ್ಲಿ. ಮಧ್ಯಾಹ್ನ ಸೌಂಡ್ ಚೆಕ್ ಮಾಡಿದಾಗ ಎಲ್ಲ ಸರಿಯಾಗಿತ್ತು. ಬಟ್ಟೆ ಬದಲಿಸಿ ಬರುವುದರೊಳಗೆ ಮ್ಯಾನೇಜರ್ ಒಂದು ದೊಡ್ಡ ಪ್ಲಾಸ್ಟಿಕ್ ಕ್ರಿಸ್‌ಮಸ್ ಮರವನ್ನು ತಂದು, ಡ್ರಮ್ಸಿಗೂ ಬಾಸಿಗೂ ನಟ್ಟನಡುವೆ ನಿಲ್ಲಿಸಿದ್ದ. ಬುಡದಲ್ಲಿ ಬಣ್ಣದ ಕಾಗದ ಸುತ್ತಿದ ಖಾಲಿ ಉಡುಗೊರೆ ಡಬ್ಬಗಳು.

“ಸಾರ್, ಮರ ಸ್ವಲ್ಪ ಆ ಕಡೆ ಇಡ್ಸಿ,” ಅವಳು ಬೇಡಿದಳು.

“ಪ್ಲಗ್ ಪಾಯಿಂಟ್ ಇಲ್ಲೇ ಇರೋದು ಮೇಡಂ. ಲೈಟ್ ಹತ್ತಬೇಕಲ್ಲ.”

“ನಂಗೆ ಅವರು ಕಾಣಲ್ಲ.”

“ಮನೇಲಿ ದಿನಾ ನೋಡ್ತೀರಲ್ಲ ಮೇಡಂ,” ಎಂದು ಹಲ್ಲು ಕಿರಿದು ಹೋದ. ಜನ ಆಗಲೇ ತುಂಬಿದ್ದರು.

ಭೂಗೋಳ ಈ ಸಲ ಅರ್ಥ ವಿವರಿಸಲಿಲ್ಲ. ಮೈಕಿನ ಮುಂದೆ ಬಾಯಿ ತೆರೆದವನು, “ಹಾಡು ನಿಮಗೇ ಗೊತ್ತು,” ಎಂದಷ್ಟೇ ಹೇಳಿ ಶುರು ಮಾಡಿದ. ಜನ ಮೊದಲ ಸಾಲಿಗೇ ಕಿರುಚಿದರು. ಎಸ್ಕಲೇಟರಿನಲ್ಲಿ ಮೇಲಕ್ಕೆ ಹೋಗುತ್ತಿದ್ದವರು ಹಿಮ್ಮುಖವಾಗಿ ಕೆಳಗಿಳಿಯಲು ನೋಡಿದರು. ಗೀಸರಿನ ಸುದ್ದಿ ಅವರೂ ಓದಿದ್ದರು. ಯಾರಿಗೂ ಅದರ ಗೊಡವೆಯಿರಲಿಲ್ಲ.

ಅವಳಿಗೆ ಮರದ ಹಸಿರು ಪ್ಲಾಸ್ಟಿಕ್ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಮಂಡಿ ಎತ್ತಿ ಎತ್ತಿ ಬಾರಿಸಿದಳು, ಯಾರಿಗೆಂದು? ಮೌನದ ಜಾಗ ಬಂತು. ನಿಲ್ಲಿಸಿದಳು. ಭೂಗೋಳ ನಿಲ್ಲಿಸಿದ. ಇಡೀ ಮಾಲು ಉಸಿರು ಬಿಗಿಹಿಡಿಯಿತು.

ಬಾಸ್ ನಿಲ್ಲಲಿಲ್ಲ.

ಧುಂ, ಧುಂ, ಧುಂ ಎಂದು ಮರದ ಆಚೆಯಿಂದ ಬರುತ್ತಲೇ ಇತ್ತು. ಅವನು ಕಣ್ಣು ಮುಚ್ಚಿಕೊಂಡು, ತಲೆದೂಗುತ್ತಾ, ಎಲ್ಲರೂ ಜೊತೆಗಿದ್ದಾರೆಂದು ನಂಬಿ ನುಡಿಸುತ್ತಿದ್ದ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಅಣ್ಣಾ,” ಎಂದ ಭೂಗೋಳ, ಹಲ್ಲು ಕಚ್ಚಿ. ಮೈಕ್ ಆನ್ ಇದ್ದದ್ದು ಮರೆತಿದ್ದ. “ಅಣ್ಣಾ! ಏ ಅಣ್ಣಾ!”

ಮೂರನೆಯ ಮಹಡಿಯ ಬೂಟಿನಂಗಡಿಯವರಿಗೂ ಕೇಳಿಸಿತು. ಎರಡು ಮಾರು ದೂರದಲ್ಲಿದ್ದ ಅಣ್ಣನಿಗೆ ಕೇಳಿಸಲಿಲ್ಲ. ಭೂಗೋಳನ ಮುಖದಿಂದ ಸಿಟ್ಟು ಇಳಿದುಹೋಯಿತು. ಅವನಿಗೆ ಅರ್ಥವಾಗಿತ್ತು.

೭

ಇಲ್ಲಿ ನನ್ನ ಬಳಿ ಮೂರು ಮುಕ್ತಾಯಗಳಿವೆ.

ಅ) ಇದು ಬೇಕೆಂದೇ ಮಾಡಿದ ಹೊಸ ಪ್ರಯೋಗ ಎಂದುಕೊಂಡು ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. (ಇದನ್ನು ಬರೆದು ನನಗೇ ನಾಚಿಕೆಯಾಯಿತು.)

ಆ) ಗಂಡ ಕಣ್ಣು ತೆರೆದು, ಗಿಟಾರ್ ಕೆಳಗಿಟ್ಟು, ಜನರ ನಡುವೆ ನಡೆದು ಮಾಯವಾಗುತ್ತಾನೆ. (ಸಾಹಿತ್ಯಕವಾಗಿದೆ. ಆದರೆ ಕಾರಿನ ಕೀಲಿ ಹೆಂಡತಿಯ ಹತ್ತಿರ ಇದೆ, ಎಲ್ಲಿಗೆ ಹೋಗುತ್ತಾನೆ?)

ಇ) ಮೂರನೆಯದನ್ನು ಬರೆಯುವ ಮೊದಲೇ ಅವಳು ಎದ್ದುಬಿಟ್ಟಳು.

ಡ್ರಮ್ಸಿನ ಎರಡೂ ಕೋಲು ಹಿಡಿದುಕೊಂಡು ಮರವನ್ನು ಸುತ್ತಿ ಬಂದು ಗಂಡನ ಎದುರಿಗೆ ನಿಂತಳು. ಅವನು ಕಣ್ಣು ತೆರೆದ. ಅಲ್ಲಿರಬಾರದಿದ್ದ ಹೆಂಡತಿ ಅಲ್ಲಿದ್ದಳು. ಡ್ರಮ್ಸಿನ ಹಿಂದೆ ಯಾರೂ ಇಲ್ಲ. ಭೂಗೋಳ ಬಾಯಿ ತೆರೆದು ನೋಡುತ್ತಿದ್ದಾನೆ. ಬೆರಳುಗಳು ತಾವಾಗಿಯೇ ನಿಂತವು. ಆಗ ಬಿದ್ದ ಮೌನ ಹಾಡಿನಲ್ಲಿ ಯಾರೂ ಬರೆಯದಿದ್ದ ಮೌನ. ಅದರಲ್ಲಿ ಒಂದು ಮಗು ಆಕಳಿಸಿದ್ದು ಕೂಡ ಕೇಳಿಸಿತು.

ಅವಳು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ಉಡುಗೊರೆ ಡಬ್ಬಗಳನ್ನು ಮುಂದಕ್ಕೆ ಎಳೆದುಕೊಂಡಳು. ಗಂಡನ ಮುಖ ನೋಡುತ್ತಾ, ತಲೆ ಎತ್ತಿ, ಬಾರಿಸಿದಳು.

ಮೊದಲ ಏಟಿಗೇ ಒಂದು ಡಬ್ಬದ ನೆತ್ತಿ ಒಳಗೆ ಹೋಯಿತು. “ಮೇಡಂ, ಡೆಕೋರೇಷನ್!” ಮ್ಯಾನೇಜರ್ ಬಾಯಿ ಬಡಿದುಕೊಳ್ಳುತ್ತಾ ಓಡಿಬಂದ. ಭೂಗೋಳ ಅವನಿಗೆ ಅಡ್ಡ ನಿಂತು, ಅಣ್ಣನ ಕಡೆ ಮುಖ ಮಾಡಿ, ಜನಕ್ಕೆ ಬೆನ್ನು ಹಾಕಿ ಕೊನೆಯ ಪಲ್ಲವಿ ಹಾಡಿದ. ಒಂದೊಂದು ಪದಕ್ಕೂ ಬಾಯಿಯನ್ನು ಅಷ್ಟಗಲ ತೆರೆದು. ಶ್ರುತಿ ಹಾಳಾಗಿಹೋಗಿತ್ತು. ತಾಳವೆಂಬುದು ರಟ್ಟಿನ ಡಬ್ಬ ಮುರಿಯುವ ಸದ್ದು. ಜನರಲ್ಲಿ ಅರ್ಧ ನಕ್ಕರು, ಅರ್ಧ ಹಾಡಿದರು. ಗಂಡ ನುಡಿಸಿ ಮುಗಿಸಿದ.

೮

ಬೇಸ್‌ಮೆಂಟಿನ ಪಾರ್ಕಿಂಗ್. ಡ್ರೈವಿಂಗ್ ಸ್ಕೂಲಿನ ಕಾರು. ಅವಳು ಸ್ಟೀರಿಂಗ್ ಹಿಡಿದಿದ್ದಳು, ಗಂಡ ಕಲಿಸುವವರ ಸೀಟಿನಲ್ಲಿ. ಹಿಂದೆ ಭೂಗೋಳ, ಗಿಟಾರುಗಳು, ಸಂದಿಯಲ್ಲಿ ನಾನು.

ಕಾರು ಹೊರಗೆ ಹೋಗುವ ಏರನ್ನು ಹತ್ತತೊಡಗಿತು. ಅರ್ಧ ಏರಿನಲ್ಲಿ ಗಂಡ ತನ್ನ ಕಾಲ ಕೆಳಗಿನ ಬ್ರೇಕನ್ನು ಒತ್ತಿಬಿಟ್ಟ. ಕಾರು ಕುಕ್ಕರಿಸಿ ನಿಂತಿತು. ಅವಳು ಕಾರಿನೊಳಗಿನ ದೀಪ ಹಾಕಿ ಅವನ ಕಡೆ ತಿರುಗಿದಳು.

“ಯಾವಾಗಿಂದ ಗೊತ್ತು ನಿಂಗೆ?” ಎಂದ ಅವನು.

“ಮಷೀನಿನ ಬಾಗಿಲು ತೆರೆದಿಟ್ಕೊಂಡ್ರಲ್ಲ, ಆವಾಗಿಂದ.”

“ಮಂಡಿ ಎತ್ತಿ ಎತ್ತಿ ಬಾರಿಸ್ತಿದ್ದೆಯಲ್ಲ, ಅದು ನನಗೋಸ್ಕರಾನಾ?”

ಅವಳು ಹೂಂ ಎಂದು ತಲೆ ಆಡಿಸಿದಳು.

“ನಾನು ಕದ್ದು ನೋಡ್ತಿದ್ದೀನಿ ಅನ್ಕೊಂಡಿದ್ದೆ ಕಣೇ. ಎಷ್ಟು ಜಾಣ ನಾನು, ಒಬ್ರಿಗೂ ಗೊತ್ತಾಗ್ಲಿಲ್ಲ ಅಂತ. ಅದೊಂದಿತ್ತು ನಂಗೆ. ಅದನ್ನೂ ನೀನೇ ಕೊಡ್ತಿದ್ದೆ ಅನ್ನು.” ದನಿ ಎಷ್ಟು ದೊಡ್ಡದಾಯಿತೆಂದು ಅವನಿಗೆ ತಿಳಿಯಲಿಲ್ಲ. “ಒಂದ್ಮಾತು ಕೇಳೋಕೆ ಏನಾಗಿತ್ತು?”

“ನಿಮಗೆ ಹೇಳೋಕೆ ಏನಾಗಿತ್ತು?” ಅವಳ ಕಣ್ಣು ತುಂಬಿತು. “ನಾನು ಕೇಳಿದ್ಮೇಲೆ ನೀವು ಹೂಂ ಅಂದ್ಬಿಟ್ರೆ?”

ಹಿಂದಿನ ಕಾರುಗಳು ಒಂದೇ ಸಮನೆ ಹಾರ್ನ್ ಬಡಿದವು. ಮೂವರಲ್ಲಿ ಒಬ್ಬನಿಗೆ ಅದು ಕೇಳಲಿಲ್ಲ, ಇಬ್ಬರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಭೂಗೋಳ ಮುಂದಕ್ಕೆ ಬಾಗಿ ಅಣ್ಣನ ತೋಳು ತಟ್ಟಿದ. ತಿರುಗಿದ ಮೇಲೆ ಕೇಳಿದ: “ಆ ಮೌನ ತೆಗೀಬೇಡ ಅಂದ್ಯಲ್ಲ, ಯಾಕಣ್ಣ? ನಿಂಗೆ ಅದರ ಅರ್ಥ ಏನು?”

“ಅರ್ಥಾನಾ?” ಅಣ್ಣ ಯೋಚಿಸಿದ. “ಅಲ್ಲಿ ಬೆರಳಿಗೆ ಸ್ವಲ್ಪ ರೆಸ್ಟು ಸಿಗತ್ತೆ ಕಣೋ.”

“ಮತ್ತೆ ಆ ಸಾಹಿತ್ಯ? ಆ ಫೋನು?”

“ಯಾವ ಫೋನು?”

ಕಿವಿ ನೆಟ್ಟಗಿದ್ದ ಕಾಲದಲ್ಲೂ ಅವನು ಆ ಹಾಡಿನ ಮಾತುಗಳನ್ನು ಕೇಳಿಸಿಕೊಂಡೇ ಇರಲಿಲ್ಲ. ಅವನು ಕೇಳುತ್ತಿದ್ದದ್ದು ಅವಳ ಡ್ರಮ್ಸ್ ಒಂದನ್ನೇ. ಭೂಗೋಳ ಗೀಸರಿನ ಕಥೆಯನ್ನು ಕೈಸನ್ನೆ ಸಮೇತ, ತಣ್ಣೀರು ಸುರಿದುಕೊಳ್ಳುವ ತನಕ ಅಭಿನಯಿಸಿ ತೋರಿಸಿದ. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. “ಪಾಪ, ಹಬ್ಬದ ದಿನ ಆ ರಿಪೇರಿಯವನಾದ್ರೂ ಯಾಕೆ ಬರ್ತಾನೆ?” ಎಂದ. ಆ ಮನುಷ್ಯನ ಪರವಾಗಿ ಇದುವರೆಗೆ ಯಾವ ಪಂಗಡವೂ ಮಾತಾಡಿರಲಿಲ್ಲ. ಭೂಗೋಳನಿಗೂ ನಗು ಬಂತು, ಆಮೇಲೆ ಅದು ಬೇರೇನೋ ಆಗಿ, ಮುಖ ಮುಚ್ಚಿಕೊಂಡ.

೯

ಇನ್ನು ಮುಗಿಸಬೇಕು. ಗಂಡನ ಕಿವಿಗೊಂದು ಮಷೀನು ಹಾಕಿಸಿ, ಮುಂದಿನ ಡಿಸೆಂಬರಿಗೆ ಮತ್ತೆ ವೇದಿಕೆ ಹತ್ತಿಸೋಣ ಎಂದುಕೊಂಡೆ. ಬಾಯಿ ತೆರೆಯುವುದರೊಳಗೆ ಅವಳು ಕನ್ನಡಿಯಲ್ಲಿ ನನ್ನನ್ನು ಹಿಡಿದಳು.

“ಮಷೀನು ಹಾಕಿಸ್ಕೊಳ್ಳೋದೋ ಬಿಡೋದೋ, ನುಡಿಸೋದೋ ನಿಲ್ಲಿಸೋದೋ, ಅದು ನಾವು ಮಾತಾಡ್ಕೋತೀವಿ. ನೀವು ಇಳೀರಿ.”

“ಇಲ್ಲೇ? ಏರಿನ ಮಧ್ಯೆ?”

“ಇಲ್ಲೇ.”

ಇಳಿದೆ. ಹಿಂದಿನ ಕಾರಿನವನು ನನ್ನನ್ನೇ ಬೈದ. ಗಾಜು ಏರಿಸಿದರು. ಕಾರು ಅಲ್ಲೇ ನಿಂತಿತ್ತು. ಒಳಗೆ ದೀಪ ಉರಿಯುತ್ತಿತ್ತು, ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು. ಅವಳು ಗಂಡನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ತುಟಿ ಬಿಡಿಸಿ, ನಿಧಾನವಾಗಿ ಏನೋ ಹೇಳಿದಳು. ಅವನು ಮೊದಲು ಬೇಡವೆಂದು ತಲೆ ಅಲ್ಲಾಡಿಸಿದ. ಅವಳು ಇನ್ನೊಮ್ಮೆ ಹೇಳಿದಳು.

ಏನು ಹೇಳಿದಳೋ, ನನಗೆ ಕೇಳಿಸಲಿಲ್ಲ. ಅವನು ಬ್ರೇಕಿನಿಂದ ಕಾಲು ತೆಗೆದ.