ಮುಚ್ಚಳದ ಒಳಗಿನ ಹೆಬ್ಬೆಟ್ಟು

ಕನಕಪುರ ರಸ್ತೆಯ ಇಳಿಜಾರಿನಲ್ಲಿ, ತುಂಬಿದ ನೀರಿನ ಟ್ಯಾಂಕರ್ ಲಾರಿ ಎಂಬತ್ತರ ಸ್ಪೀಡಿನಲ್ಲಿ ಹೋಗುತ್ತಿರುವಾಗ, ಡ್ರೈವರ್ ಚಿನ್ನಪ್ಪ ಒಂದು ಇರುವೆಗೋಸ್ಕರ ಬ್ರೇಕ್ ಹಾಕಿದ. ಲಾರಿ ಇರುವೆಯ ಮೂತಿಗೆ ಕೂದಲೆಳೆ ದೂರದಲ್ಲಿ ನಿಂತಿತು. ಟ್ಯಾಂಕಿನ ನೀರು ಒಂದು ಹನಿ ತುಳುಕಲಿಲ್ಲ. ಇರುವೆ ತಲೆಯೆತ್ತಿ ನೋಡಿ, ಮುಂದಿನ ಎರಡು ಕಾಲು ಜೋಡಿಸಿ ನಮಸ್ಕಾರ ಮಾಡಿ, ರಸ್ತೆ ದಾಟಿ ಹೋಯಿತು. ಈಗ ಅದು ತ್ಯಾಗರಾಜನಗರದಲ್ಲಿ ಸಂಸಾರಸ್ಥೆ. ಮೂರು ಸಾವಿರ ಮಕ್ಕಳು, ಎಲ್ಲರೂ ಚೆನ್ನಾಗಿದ್ದಾರೆ.

ಹೀಗಂತ ಚಿನ್ನಪ್ಪ ಕೋಣನಕುಂಟೆಯ ಟೀ ಅಂಗಡಿ ಮುಂದೆ ಇಪ್ಪತ್ತೆರಡು ವರ್ಷದಿಂದ ಹೇಳಿಕೊಂಡು ಬಂದಿದ್ದ. ಮೊದಲು ಲಾರಿಯ ಸ್ಪೀಡು ನಲವತ್ತಿತ್ತು, ಬರಬರುತ್ತಾ ಎಂಬತ್ತಾಯಿತು. ಇರುವೆಗೆ ಮಾತ್ರ ವಯಸ್ಸಾಗಲಿಲ್ಲ.

ಟೀ ಅಂಗಡಿ ಪಕ್ಕದಲ್ಲೇ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಮಾರಮ್ಮ ದಿನಾ ಕೆಣಕುತ್ತಿದ್ದಳು. "ಆ ಇರುವೆ ಹೆಸರೇನು ಚಿನ್ನಪ್ಪಣ್ಣ?"

"ಕೇಳೋಕೆ ಟೈಮೆಲ್ಲಿತ್ತಕ್ಕ? ಹಿಂದೆ ಬಸ್ಸಿನವನು ಹಾರ್ನ್ ಹೊಡ್ಕೊಂಡು ಪ್ರಾಣ ತಿಂತಿದ್ದ."

"ಇಪ್ಪತ್ತಾರು ವರ್ಷದ ಡಬ್ಬ ಗಾಡಿ. ಅದಕ್ಕೆ ಇಷ್ಟು ಜಂಬ."

"ಗಾಡಿ ಹಳೇದಿರಬೌದು, ಒಳಗಿರೋದೆಲ್ಲಾ ಕಂಪನಿ ಮಾಲು. ನಮ್ಮ ಗೌಡ್ರು ಲೋಕಲ್ ಪಾರ್ಟನ್ನ ಕಣ್ಣೆತ್ತೂ ನೋಡಲ್ಲ. ಯಾಕೇಳು? ಸೀಟಲ್ಲಿ ಕೂರೋನು ಈ ಚಿನ್ನಪ್ಪ, ಅದಕ್ಕೆ!"

ಗೌಡ್ರು ಅಂದರೆ ಲಾರಿ ಮಾಲೀಕ ಚಿಕ್ಕಬೈರಪ್ಪ. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಹನ್ನೊಂದು ಬಾಡಿಗೆ ಮನೆ ಬೆಳೆದುಕೊಂಡಿರುವ ಮನುಷ್ಯ. ಅಂಜನಾಪುರದ ಬೋರ್‌ವೆಲ್ಲಿನಿಂದ ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಿಗೆ ನೀರು ಹೊಡೆಯೋದು ಅವರ ಟ್ಯಾಂಕರಿನ ಕೆಲಸ. ಲೋಕಲ್ ಪಾರ್ಟು ಹಾಕಿಸುವ ಓನರುಗಳ ಮಧ್ಯೆ ಅವರದ್ದು ಬೇರೆಯೇ ಶಿಸ್ತು. ಪಾರ್ಟು ಕೊಂಡು ತಂದ ದಿನ ಶೆಡ್ಡಿನಲ್ಲಿ ಸಣ್ಣದೊಂದು ಪೂಜೆಯೇ ಆಗುತ್ತಿತ್ತು. ಡಬ್ಬವನ್ನು ಚಿನ್ನಪ್ಪನ ಕೈಗೆ ಕೊಟ್ಟು, "ನೋಡ್ಕೊ, ಸೀಲ್ ಒಡಿ, ಕೂತು ಓಡ್ಸೋನು ನೀನು," ಅನ್ನುತ್ತಿದ್ದರು. ಚಿನ್ನಪ್ಪ ತನ್ನ ಕೈಯಾರೆ ಸೀಲ್ ಒಡೆದು, ಗ್ರೀಸ್ ಮೆತ್ತಿದ ಹೆಬ್ಬೆರಳನ್ನು ಕುಂಕುಮದಲ್ಲಿ ಅದ್ದಿ, ಮುಚ್ಚಳದ ಒಳಬದಿಗೆ ಒತ್ತುತ್ತಿದ್ದ. ಜಾಕ್ ಜಾರಿ ಸೀಳಿದ ಬೆರಳು ಅದು, ಅಚ್ಚು ನಡುಮಧ್ಯೆ ಎರಡು ಹೋಳಾಗಿ ಬೀಳುತ್ತಿತ್ತು. ಅಂಥ ಹೆಬ್ಬೆಟ್ಟು ಇಡೀ ಬೆಂಗಳೂರು ದಕ್ಷಿಣದಲ್ಲಿ ಇನ್ನೊಂದಿಲ್ಲ ಅನ್ನುವುದು ಅವನ ವಾದ. ಈ ಮಾತು ಮಾತ್ರ ನಿಜವಿರಬೇಕು. ಪಾರ್ಟು ಮೆಕ್ಯಾನಿಕ್ ಪರಮಶಿವಯ್ಯನ ಕೈಗೆ, ಖಾಲಿ ಡಬ್ಬ ಶೆಡ್ಡಿನ ಶೆಲ್ಫಿಗೆ. ಆಯುಧಪೂಜೆಗೆ ಆ ಡಬ್ಬಗಳಿಗೂ ಹೂವು ಬೀಳುತ್ತಿತ್ತು.

ಓದಿದವರು ಮನೆ ಗೋಡೆಗೆ ಪದವಿಪತ್ರ ತೂಗುಹಾಕುತ್ತಾರಲ್ಲ, ಚಿನ್ನಪ್ಪನಿಗೆ ಆ ಶೆಲ್ಫು ಹಾಗೆ. ತನ್ನ ಜೀವಕ್ಕೆ ಒಬ್ಬರು ಕಟ್ಟಿದ ಬೆಲೆ ಅಲ್ಲಿ ಸಾಲಾಗಿ ಕೂತಿದೆ ಎಂದು ಅವನ ಲೆಕ್ಕ.

ಈ ಸಲ ಚಕ್ರವನ್ನು ಉಜ್ಜಿ ನಿಲ್ಲಿಸುವ ಬ್ರೇಕ್ ಲೈನರ್ ಸವೆದಿತ್ತು. ಗೌಡರು ಡಬ್ಬ ತಂದರು. ಹೊಳೆಯುವ ಸೀಲು, ಒರೆಸಿಟ್ಟಂಥ ರಟ್ಟು. ಚಿನ್ನಪ್ಪ ಸೀಲ್ ಒಡೆದು ಮುಚ್ಚಳ ತೆರೆದ. ಮುಚ್ಚಳದ ಒಳಬದಿಯನ್ನೊಮ್ಮೆ ನೋಡಿದ, ಗೌಡರನ್ನೊಮ್ಮೆ ನೋಡಿದ. ಆಮೇಲೆ ಎಂದಿಗಿಂತ ಜೋರಾಗಿ ಹೆಬ್ಬೆಟ್ಟು ಒತ್ತಿ, ಎಂದಿಗಿಂತ ಜೋರಾಗಿ, "ಕಂಪನಿ ಮಾಲು ಅಂದ್ರೆ ಇದು!" ಅಂದ. ಪರಮಶಿವಯ್ಯ ಲೈನರ್ ಹಾಕಿಕೊಟ್ಟ.

ಅಂದಿನಿಂದ ಲಾರಿ ಇಳಿಜಾರುಗಳಲ್ಲಿ ಯಾಕೋ ಸೆಕೆಂಡ್ ಗೇರಲ್ಲೇ ನಿಧಾನವಾಗಿ ಇಳಿಯತೊಡಗಿತು. ಮಾರಮ್ಮ ಕೇಳಿದ್ದಕ್ಕೆ, "ಹೊಸ ಲೈನರ್ ಹಾಕ್ಸಿದೀವಿ, ಲಾರಿ ಈಗ ಮದುವಣಗಿತ್ತಿ. ನಾಚ್ಕೊಂಡು ನಡೀಬೇಕು," ಅಂದ. ಮಾರಮ್ಮ ನಕ್ಕಳು.

ನಲವತ್ತನೇ ದಿನ, ಹಾಡುಹಗಲು, ಮದುವಣಗಿತ್ತಿ ಓಡಿಹೋದಳು. ತುಂಬಿದ ಲೋಡು, ಕೋಣನಕುಂಟೆಯ ಇಳಿಜಾರು, ಪೆಡಲ್ ಕಾಲಡಿಯಲ್ಲಿ ಅನ್ನದ ಮುದ್ದೆಯ ಹಾಗೆ ಮೆತ್ತಗೆ ಇಳಿಯಿತು. ಎದುರಿಗೆ ಟೀ ಅಂಗಡಿ, ಅದರ ಪಕ್ಕ ಮಾರಮ್ಮ. ಚಿನ್ನಪ್ಪ ಸ್ಟೀರಿಂಗನ್ನು ಪೂರ್ತಿ ಎಳೆದು, ಕಟ್ಟುತ್ತಿದ್ದ ಮನೆಯೊಂದರ ಮುಂದಿನ ಮರಳಿನ ಗುಡ್ಡೆಗೆ ನುಗ್ಗಿಸಿದ. ಹೂವಿನ ಬುಟ್ಟಿ ಚಕ್ರದಡಿ ಹೋಯಿತು. ಮಾರಮ್ಮ ಎರಡು ಅಡಿ ಅಂತರದಲ್ಲಿ ಉಳಿದಳು. ಚಿನ್ನಪ್ಪನ ಎಡಗೈ ಮುರಿಯಿತು. ಚಕ್ರ ಬಿಚ್ಚಿ ನೋಡಿದರೆ ಲೈನರ್ ಹಪ್ಪಳದ ಹಾಗೆ ಪುಡಿಪುಡಿ.

ಮೂರನೇ ದಿನ ಶೆಡ್ಡಿನಲ್ಲಿ ಪಂಚಾಯಿತಿ. ಮಾರಮ್ಮನೂ ಟೀ ಅಂಗಡಿ ಮುಂದಿನವರೂ ಬಂದು ಕೂತಿದ್ದರು. ಗೌಡರು ನೇರವಾಗಿ ಪರಮಶಿವಯ್ಯನ ಮೇಲೆ ಬಿದ್ದರು.

"ಕಂಪನಿ ಲೈನರ್ ಮಾರ್ಕೊಂಡು ಲೋಕಲ್ ಮಾಲು ಹಾಕಿದೀಯ. ಒಬ್ಬನ ಕೈ ಹೋಯ್ತು, ಒಬ್ಬಳ ಪ್ರಾಣ ಹೋಗೋದು!"

ಪರಮಶಿವಯ್ಯ ಮಾತು ಕಡಿಮೆಯ ಮನುಷ್ಯ. "ಗೌಡ್ರೇ, ಡಬ್ಬದಲ್ಲಿ ಏನಿತ್ತೋ ಅದನ್ನೇ ಹಾಕಿದೆ."

"ಡಬ್ಬದಲ್ಲಿದ್ದದ್ದು ಕಂಪನೀದು. ಸೀಲ್ ಒಡ್ದೋನು ಇಲ್ಲೇ ಇದಾನೆ, ಕೇಳಿ. ಏನೋ ಚಿನ್ನ?"

ಎಲ್ಲರೂ ಚಿನ್ನಪ್ಪನ ಕಡೆ ತಿರುಗಿದರು. ಪರಮಶಿವಯ್ಯನೂ ತಿರುಗಿದ. ಮೂವತ್ತು ವರ್ಷದ ಗೆಳೆಯ, ಮೊನ್ನೆ ಚಿನ್ನಪ್ಪನನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಿದವನು. ಚಿನ್ನಪ್ಪ ಪಟ್ಟಿ ಕಟ್ಟಿದ ಕೈಯನ್ನು ಸರಿಮಾಡಿಕೊಂಡು, "ನನ್ನ ಕೈಯಾರೆ ಒಡೆದೆ," ಅಂದ. "ಕಂಪನಿ ಮಾಲೇ."

ಪರಮಶಿವಯ್ಯ ಕೈ ಒರೆಸಿಕೊಂಡ. ಶೆಲ್ಫಿನ ಹತ್ತಿರ ಹೋಗಿ, ಲೈನರಿನ ಡಬ್ಬ ತಂದು, ಎಲ್ಲರ ಮುಂದೆ ಮುಚ್ಚಳ ತೆರೆದ. ಒಳಗೆ ಎರಡು ಹೆಬ್ಬೆಟ್ಟು. ಒಂದು ಕೆಂಪಗೆ, ಹೊಸದು. ಅದಕ್ಕೆ ಅಂಟಿಕೊಂಡಂತೆ ಇನ್ನೊಂದು, ಗ್ರೀಸಿಗೆ ಕಂದಿ ಕಾಫಿ ಬಣ್ಣಕ್ಕೆ ತಿರುಗಿದ್ದು, ಹಳೆಯದು. ಎರಡೂ ನಡುಮಧ್ಯೆ ಸೀಳಿದ್ದವು.

"ಮೊನ್ನೆ ಲೈನರ್ ಪುಡಿ ಕಂಡ್ಮೇಲೆ ಡಬ್ಬ ತೆಗ್ದು ನೋಡ್ದೆ. ನಾಕು ವರ್ಷದ ಹಿಂದೆ ಇದೇ ಡಬ್ಬದಿಂದ ಲೈನರ್ ತೆಗೆದು ಹಾಕಿದ್ದೆ," ಅಂದ. "ಹೊಸ ಡಬ್ಬದಲ್ಲಿ ಹಳೇ ಹೆಬ್ಬೆಟ್ಟು ಎಲ್ಲಿಂದ ಬಂತು ಗೌಡ್ರೇ?"

ಗೌಡರು ಮುಚ್ಚಳವನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಕನ್ನಡಕ ಹಾಕಿಕೊಳ್ಳುವುದು ತಮ್ಮ ಘನತೆಗೆ ಕಡಿಮೆ ಅಂದುಕೊಂಡವರು, ಶೆಲ್ಫಿನಿಂದ ಹಳೇ ಖಾಲಿ ಡಬ್ಬ ಎತ್ತಿಕೊಂಡ ದಿನ ಮುಚ್ಚಳದ ಒಳಗೆ ಏನಿದೆ ಅಂತ ನೋಡಿರಲಿಲ್ಲ.

"ಸೀಲೂ ಸಿಗ್ತವೆ ಕಣ್ರಯ್ಯ, ಬಿಡಿ ಬಿಡಿಯಾಗಿ," ಎಂದರು ಕೊನೆಗೆ, ಸಣ್ಣ ದನಿಯಲ್ಲಿ. "ಕಂಪನಿ ಸೆಟ್ಟಿನ ದುಡ್ಡಿಗೆ ಲೋಕಲ್ದು ಮೂರು ಸೆಟ್ಟು ಬರುತ್ತೆ. ಇದೊಂದೇ ಸಲ. ಇನ್ನೊಂದು ವರ್ಷಕ್ಕೆ ಗುಜರಿಗೆ ಹೋಗೋ ಲಾರಿ. ಸಾಯೋ ಗಾಡಿಗೆ ಯಾಕೆ ಅಂತ..."

"ಸಾಯೋದು ಗಾಡಿ ಗೌಡ್ರೇ," ಅಂದ ಚಿನ್ನಪ್ಪ. "ಒಳಗೆ ನಾನು ಕೂತಿರ್ತೀನಲ್ಲ."

ಇಪ್ಪತ್ತೆರಡು ವರ್ಷ ನಿಮ್ಮ ಹೆಸರನ್ನ ಅಂಜನಾಪುರದಿಂದ ಜಯನಗರದವರೆಗೂ ಮೆರವಣಿಗೆ ಮಾಡಿದೆ, ನನ್ನ ಮಕ್ಕಳ ಹೆಸರಿಗಿಂತ ನಿಮ್ಮ ಹೆಸರನ್ನೇ ಜಾಸ್ತಿ ಹೇಳಿದೆ, ಸೀಲ್ ಒಡಿ ಅಂತ ನನ್ನ ಕೈಯಲ್ಲೇ ಒಡೆಸಿದ್ರಲ್ಲ, ಅಂತ ಅತ್ತ. ಕೆರೆ ತುಂಬುವಷ್ಟು ಅತ್ತ. ಅವನು ಮಾಡಿದ್ದರಲ್ಲಿ ಒಂದು ಚೂರೂ ಉತ್ಪ್ರೇಕ್ಷೆಯಿಲ್ಲದ್ದು ಅದೊಂದೇ. ಗೌಡರು ನೆಲ ನೋಡಿದರು. ಸೇರಿದವರು, "ಪಾಪ, ನಂಬಿದ್ದ ಕಣಯ್ಯ," ಅಂದರು.

ಮಾರಮ್ಮ ಮಾತ್ರ ಮುಚ್ಚಳವನ್ನೇ ನೋಡುತ್ತಿದ್ದಳು. ಹೊಸ ಹೆಬ್ಬೆಟ್ಟಿನ ಅಂಚು ಹಳೆಯದರ ಮೇಲೆ ಅರ್ಧ ಹತ್ತಿ ಕೂತಿತ್ತು.

"ಚಿನ್ನಪ್ಪಣ್ಣ," ಅಂದಳು. "ಎರಡನೇದು ಒತ್ತೋವಾಗ ಮೊದಲನೇದು ಕಾಣ್ಲಿಲ್ವಾ?"

ಅಳು ಅಲ್ಲಿಗೇ ನಿಂತಿತು.

"ಕತ್ತಲಿತ್ತಕ್ಕ..."

"ಬೆಳಗ್ಗೆ ಹತ್ತು ಗಂಟೆ. ಪೂಜೆಗೆ ಹೂವು ಕೊಟ್ಟೋಳು ನಾನೇ."

"ಕುಂಕುಮ ಕಣ್ಣಿಗೆ ಬಿದ್ದು..."

"ಮತ್ತೆ ಸೆಕೆಂಡ್ ಗೇರಲ್ಲಿ ಯಾಕೆ ಇಳೀತಿದ್ದೆ? ನಾಚ್ಕೊಂಡಿದ್ದು ಲಾರೀನಾ, ನೀನಾ?"

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಚಿನ್ನಪ್ಪನ ಬಾಯಿಗೆ ಒಂದು ಸುಳ್ಳೂ ಸಿಗಲಿಲ್ಲ. ಅವನು ಪರಮಶಿವಯ್ಯನ ಮುಖ ನೋಡಲು ಹೋದ, ಆಗಲಿಲ್ಲ, ಅವನ ಎಣ್ಣೆ ಮೆತ್ತಿದ ಚಪ್ಪಲಿ ನೋಡಿದ.

"ಕಾಣಿಸ್ತು," ಅಂದ. "ಮುಚ್ಚಳ ತೆಗೆದ ತಕ್ಷಣ ಕಾಣಿಸ್ತು. ನಂದೇ ಬೆರಳು, ಗೊತ್ತಾಗಲ್ವಾ? ಅವತ್ತೇ ಗೊತ್ತಾಯ್ತು ನನ್ನ ಬೆಲೆ ಎಷ್ಟು ಅಂತ. ಬಾಯಿ ಬಿಟ್ರೆ ನೀವೆಲ್ಲಾ ನಗ್ತೀರ. ಇಷ್ಟು ವರ್ಷ ಹೇಳಿದ್ದೆಲ್ಲಾ ಸುಳ್ಳಾಗುತ್ತೆ. ಅದಕ್ಕೇ ಅದರ ಮೇಲೇ ಒತ್ತಿ ಮುಚ್ಚಿಬಿಡೋಣ ಅಂತ ಒತ್ತಿದೆ. ಮುಚ್ಚಲಿಲ್ಲ."

"ನಾನು ಎರಡು ಅಡೀಲಿದ್ದೆ ಕಣಣ್ಣ," ಅಂದಳು ಮಾರಮ್ಮ.

"ಗೊತ್ತಕ್ಕ."

"ನೀನು ನನ್ನ ಮೇಲೆ ಹೇಳ್ದೆ," ಅಂದ ಪರಮಶಿವಯ್ಯ.

"ಹೇಳ್ದೆ ಕಣೋ ಶಿವ. ಸುಳ್ಳು ಹೇಳ್ದೆ."

ಪರಮಶಿವಯ್ಯ ಡಬ್ಬವನ್ನು ಮುಚ್ಚಿ ಚಿನ್ನಪ್ಪನ ಸರಿಯಿದ್ದ ಕೈಗೆ ಕೊಟ್ಟು, ಸ್ಪ್ಯಾನರ್ ಚೀಲ ಎತ್ತಿಕೊಂಡು, ಹಿಂತಿರುಗಿ ನೋಡದೆ ಗೇಟು ದಾಟಿದ. ಮಾರಮ್ಮನೂ ಎದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು, ಈ ಸಲ ಕೆಣಕೋದಕ್ಕಲ್ಲ.

"ಮತ್ತೆ ಆ ಇರುವೆ?"

ಚಿನ್ನಪ್ಪ ಡಬ್ಬವನ್ನು ನೆಲದ ಮೇಲಿಟ್ಟ.

"ಇರುವೆ ಎಲ್ಲಿ ಕಾಣುತ್ತಕ್ಕ, ಅಷ್ಟು ಎತ್ತರದ ಸೀಟಿಂದ," ಅಂದ. "ಮೇಲೇ ಹತ್ತಿಸಿರ್ತೀನಿ."