ಬೋರಲು ಸೀಸೆ

ಥರ್ಮಾಮೀಟರಿನ ಕೆಂಪು ಗೆರೆ ಮೂವತ್ತೇಳರಲ್ಲಿ ನಿಂತಿದೆ, ಮನುಷ್ಯನ ಮೈಕಾವು, ತೊಟ್ಟಿಯ ಬಿಸಿನೀರಿನಲ್ಲಿ ಸೀಸೆ ಕುತ್ತಿಗೆಯವರೆಗೆ ಮುಳುಗಿ ಕೂತಿದೆ, ತಲೆ ತೋಯಿಸಿಕೊಳ್ಳಲೊಲ್ಲದ ಮುದುಕಿಯ ಹಾಗೆ, ಇನ್ನೈದು ನಿಮಿಷ ಎಂದು ರಘುರಾಮ ಸರ್ ಬಂದವರಿಗೆ ಹೇಳುತ್ತಿದ್ದಾರೆ, ಬಂದವರು ಸುಟ್ಟಗಾಯದ ವಾರ್ಡಿನ ಮರಾಠಿ ಡಾಕ್ಟರ್ ಬಾಯಿ, ಸೀಸೆಯೊಳಗಿನ ಜೆಲ್ ಈ ಕಾವಿನಲ್ಲೂ ಗಟ್ಟಿ ನಿಂತರೆ ಅದರಲ್ಲಿ ಬೆಳೆಸಲು ಚರ್ಮದ ಜೀವಕೋಶ ಕೊಡುತ್ತಾರೆ, ನಿಲ್ಲದಿದ್ದರೆ ಎರಡನೇ ಸಲ ಬರುವವರಲ್ಲ, ದೀಪಾಲಿಯ ಮೂರು ವರ್ಷದ ಪಿಎಚ್‌ಡಿ ಬರೀ ಜೆಲ್ಲಿ — ನಮ್ಮ ದೀಪಾಲಿ ಭಾರೀ ಜಾಗ್ರತೆಯ ಹುಡುಗಿ ಮೇಡಂ, ಜಿಲಾಟಿನ್ ಎಳೆಗಳನ್ನು ಕಿಣ್ವವೇ ಹೊಲಿಯುತ್ತದೆ, ವಿಷದ ರಸಾಯನ ಒಂದು ಹನಿಯೂ ಇಲ್ಲ — ಹೊಲಿಯುತ್ತದೆ, ಬದುಕಿದ್ದರೆ, ನಿನ್ನೆ ಬೆರೆಸುವಾಗ ಗ್ಲೌಸಿನೊಳಗೆ ಬೆರಳು ಚುರ್ರೆಂದಿತ್ತಲ್ಲ, ಆಗಲೇ ಕೇಳಿಸಬೇಕಿತ್ತು ಅಡುಗೆಮನೆಯ ಅವ್ವನ ದನಿ, ಬೆರಳಿಟ್ಟು ನೋಡವಾ, ಸುಟ್ರ ಹಾಲು ಆರಲಿ, ಇಲ್ಲಾಂದ್ರ ಹೆಪ್ಪು ಸಾಯ್ತದ, ಅವ್ವ ನಾಗವ್ವನಿಗೆ ಥರ್ಮಾಮೀಟರು ಬೇಡ, ಕಿರುಬೆರಳು ಸಾಕು, ಮಗಳಿಗೆ ಐದೂವರೆಯ ಕೋಥರೂಡ ಬಸ್ಸು ಹಿಡಿಯಬೇಕಿತ್ತು, ಜಿಲಾಟಿನ್ ಬಿಸಿಯಿದ್ದರೆ ಕಿಣ್ವ ಬೇಗ ಕರಗೀತೆಂದು ಆರಲು ಬಿಡದೆ ಸುರಿದಳು — ಇಡೀ ದಿನ ಏನ್ ಮಾಡ್ತೀಯವಾ ಅಲ್ಲಿ, ಮೊಸರಿಗೆ ಹೆಪ್ಪು ಹಾಕಿದಂಗವ್ವಾ, ಹಾಲಿಂದೇನ, ಅಲ್ಲ, ಒಂಥರಾ ಪುಡಿ, ಎಲುಬು ಕುದಿಸಿ ತೆಗೆದ ಪುಡಿ ಎಂದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಅವ್ವನಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ — ಆದರೆ ಬೆಳಿಗ್ಗೆ ಜೆಲ್ ನಿಂತಿತ್ತಲ್ಲ, ಸೀಸೆ ಬೋರಲು ಹಿಡಿದರೂ ಅಲುಗಲಿಲ್ಲ, ನೋಟ್‌ಬುಕ್ಕಿನಲ್ಲಿ ಗಟ್ಟಿ ಎಂದು ಬರೆದು ಸಹಿ ಹಾಕಿದ್ದಾಳೆ, ಅದಕ್ಕೂ ಮೊದಲು ಮನೆಯ ಬಚ್ಚಲಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನೂ ಬೋರಲು ಹಿಡಿದಿದ್ದಳು, ಜನವರಿಯ ಪುಣೆ, ಒಂದು ಹನಿ ಬೀಳಲಿಲ್ಲ, ಆ ಎಣ್ಣೆಯನ್ನು ಯಾವ ಕಿಣ್ವ ಹೊಲಿದಿತ್ತು, ಚಳಿಗೆ ಜಿಲಾಟಿನ್ನೂ ತಾನಾಗಿಯೇ ಗಟ್ಟಿಯಾಗುತ್ತದೆ, ಕಾವಿಗೆ ಮತ್ತೆ ಕರಗುತ್ತದೆ, ಇದು ಮೊದಲ ವರ್ಷದವರಿಗೂ ಗೊತ್ತು, ಮೊದಲ ವರ್ಷ ಅವಳಿಗೂ ಗೊತ್ತಿತ್ತು — ಈಗಲೂ ಹೇಳಬಹುದು, ಸರ್, ಇದು ಬೇಡ, ನಾಳೆ ಹೊಸದು ಮಾಡುತ್ತೇನೆ, ಇಷ್ಟೇ ಮಾತು, ಬಾಯಿ ತೆರೆದಳು ಕೂಡ, ಅಷ್ಟರಲ್ಲಿ ದಾಖವಾ ಕೀ, ತೋರಿಸಿ ನೋಡೋಣ, ಅಂದರು ಡಾಕ್ಟರ್ ಬಾಯಿ, ನೀನೇ ತಿರುಗಿಸು ಮಾರಾಯ್ತಿ, ಮುಚ್ಚಳ ತೆಗೆದೇ ತಿರುಗಿಸು, ಅವರೂ ನೋಡಲಿ, ಸರ್ ನಗುತ್ತಿದ್ದಾರೆ, ಸೀಸೆ ಅವಳ ಕೈಯಲ್ಲಿ ಬೆಚ್ಚಗೆ, ಬೋರಲು, ಒಂದು, ಎರಡು, ನಿಂತಿದೆ, ಅವ್ವಾ ನಿಂತಿದೆ, ಮೂರು — ಗಾಜಿಗಂಟಿದ ಜೆಲ್ಲಿನ ಅಂಚು ಸಡಿಲಿತು, ಸೀಸೆಯ ಬಾಯಲ್ಲಿ ಒಂದು ಹನಿ, ಡಾಕ್ಟರ್ ಬಾಯಿ ಕೆಳಗೆ ಕಿರುಬೆರಳು ಚಾಚಿದ್ದಾರೆ, ಕೋಮಟ್ ಆಹೆ, ಉಗುರುಬೆಚ್ಚಗಿದೆ, ಅನ್ನುತ್ತಿದ್ದಾರೆ, ಕಿರುಬೆರಳ ತುದಿಯಲ್ಲಿ ಹನಿ